ಸೀಟು ಮೊದಲು, ಬೆಲ್ಟು ಆಮೇಲೆ: ಆಟೊಕ್ರಾಸ್ ಕಾರಿಗೆ ರೇಸಿಂಗ್ ಸೀಟು ಮತ್ತು ಹಾರ್ನೆಸ್ ಕೂರಿಸುವ ಬಗೆ

ದಾವಣಗೆರೆಯ ಹೊರವಲಯದ ಖಾಲಿ ಲೇಔಟೊಂದರಲ್ಲಿ ಗೆಳೆಯರೆಲ್ಲ ಸೇರಿ ಹಾದಿ ಗುರುತಿಸುವ ಶಂಕುವಿನಾಕಾರದ ಕೋನುಗಳನ್ನು ನೆಟ್ಟು ಕಾರು ಓಡಿಸಿದ ದಿನ, ಸಂಜೆ ನಾನು ನನ್ನ ಹಳೆಯ ಸ್ವಿಫ್ಟಿನ ಅಡಿಗೆ ತೂರಿ ಟಾರ್ಚ್ ಬಿಟ್ಟು ನೋಡಿದೆ. ಹಾರ್ನೆಸ್ಸಿನ, ಅಂದರೆ ಎರಡೂ ಭುಜ ಮತ್ತು ಸೊಂಟವನ್ನು ಬಿಗಿದು ಹಿಡಿಯುವ ರೇಸಿಂಗ್ ಬೆಲ್ಟಿನ, ಭುಜದ ಬೆಲ್ಟನ್ನು ಹಿಂದಿನ ನೆಲಕ್ಕೆ ಬಿಗಿದಿದ್ದ ಬೋಲ್ಟಿನ ವಾಷರ್ ಚಪ್ಪಟೆಯಾಗಿ ಉಳಿದಿರಲಿಲ್ಲ. ಅದು ಚಟ್ನಿ ಬಟ್ಟಲಿನಂತೆ ಬಾಗಿ, ಸುತ್ತಲಿನ ತಗಡನ್ನೂ ತನ್ನೊಂದಿಗೆ ಮೇಲಕ್ಕೆ ಎಳೆದುಕೊಂಡಿತ್ತು; ಅಂಡರ್‌ಕೋಟ್ ಉಂಗುರದ ಆಕಾರದಲ್ಲಿ ಬಿರಿದು ಒಳಗಿನ ಬಿಳಿ ಲೋಹ ಕಾಣುತ್ತಿತ್ತು. ಅಂದು ಹೇಳಿಕೊಳ್ಳುವಂಥ ಅಪಘಾತವೇನೂ ಆಗಿರಲಿಲ್ಲ. ಒಂದು ಕೋನನ್ನು ತಪ್ಪಿಸಲು ಹೋಗಿ ಮುಂದಿನ ಚಕ್ರ ಅಡಿ ಆಳದ ಚರಂಡಿಗೆ ಇಳಿದು ಕಾರು ಥಟ್ಟನೆ ನಿಂತಿತ್ತು, ಅಷ್ಟೇ. ವೇಗ ಗಂಟೆಗೆ ಮೂವತ್ತು ಕಿಲೋಮೀಟರ್ ಸಹ ಇದ್ದಿರಲಾರದು. ಕೆಲಸ ಮಾಡಿಕೊಟ್ಟ ಗ್ಯಾರೇಜಿನವರನ್ನು ದೂರುವಂತೆಯೂ ಇರಲಿಲ್ಲ, ಏಕೆಂದರೆ ತೂತು ಎಲ್ಲಿ ಹೊಡೆಯಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟವನು ನಾನೇ.

ಆ ವಾಷರನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಹೊಸಬರು ಬಂದು ಯಾವ ಕಂಪನಿಯ ಬೆಲ್ಟು ಕೊಳ್ಳಬೇಕೆಂದು ಕೇಳಿದಾಗ ಮೊದಲು ಅದನ್ನು ಅವರ ಅಂಗೈಗೆ ಇಡುತ್ತೇನೆ. ಬೆಲ್ಟಿನ ಪಟ್ಟಿ ಹರಿಯುವುದು ಅಪರೂಪ. ಅದನ್ನು ಕಟ್ಟಿದ ಜಾಗ ಕಿತ್ತುಬರುವುದು, ಕಟ್ಟಿದ ಕೋನ ತಪ್ಪಿ ಬೆನ್ನೆಲುಬಿನ ಮೇಲೆ ಭಾರ ಬೀಳುವುದು, ಸೀಟು ತಿರುಚಿಕೊಳ್ಳುವುದು, ಇವೇ ಸಾಮಾನ್ಯವಾಗಿ ಆಗುವಂಥವು. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಬೆಲ್ಟಿನ ಬಗ್ಗೆ ಅಲ್ಲ, ಬೆಲ್ಟು ಮತ್ತು ಕಾರಿನ ತಗಡು ಸೇರುವ ಜಾಗದ ಬಗ್ಗೆ ಇದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಆಟೊಕ್ರಾಸ್ ಎಂದರೆ ಗುರುತು ಹಾಕಿದ ಚಿಕ್ಕ, ಮುಚ್ಚಿದ ಹಾದಿಯಲ್ಲಿ ಗಡಿಯಾರದ ವಿರುದ್ಧ ಓಡಿಸುವ ಆಟ. ನಮ್ಮ ಕಡೆ ಅದು ಬಹುಪಾಲು ಮಣ್ಣಿನ ಮೈದಾನದಲ್ಲಿ ನಡೆಯುತ್ತದೆ. ವೇಗ ಹೆಚ್ಚಿರುವುದಿಲ್ಲ, ಆದರೆ ಎಡಬಲದ ಎಳೆತ ನಿರಂತರವಾಗಿರುತ್ತದೆ. ಕಂಪನಿಯ ಸೀಟಿನಲ್ಲಿ ಕುಳಿತವನು ಅರ್ಧ ಶಕ್ತಿಯನ್ನು ಸ್ಟೀರಿಂಗ್ ಹಿಡಿದು ಜೋತುಬೀಳುವುದಕ್ಕೇ ಖರ್ಚು ಮಾಡುತ್ತಾನೆ. ಮೈ ನಿಂತರೆ ಕೈ ಹಗುರವಾಗುತ್ತದೆ, ಕೈ ಹಗುರವಾದರೆ ಕಾರು ಏನು ಹೇಳುತ್ತಿದೆ ಎಂಬುದು ಬೆರಳಿಗೆ ತಿಳಿಯುತ್ತದೆ. ಸೀಟು ಬದಲಾಯಿಸುವುದರ ನಿಜವಾದ ಲಾಭ ಇದು.

ಆದರೆ ಮೊದಲ ಒಂದೆರಡು ಸ್ಪರ್ಧೆಗಳಿಗೆ ಏನನ್ನೂ ಬದಲಾಯಿಸದೆ ಹೋಗುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಂಪನಿಯ ಮೂರು ಬಿಂದುಗಳ (ಕಾರಿಗೆ ಮೂರು ಕಡೆ ಕಟ್ಟಿರುವ) ಬೆಲ್ಟಿನಿಂದಲೇ ಸಾಕಷ್ಟು ಹಿಡಿತ ಪಡೆಯುವ ಉಪಾಯವೊಂದಿದೆ. ಸೀಟನ್ನು ನಿಮ್ಮ ಸ್ಥಾನಕ್ಕಿಂತ ಎರಡು ಮೂರು ಹಲ್ಲು ಹಿಂದಕ್ಕೆ ಸರಿಸಿ, ಬೆಲ್ಟು ಹಾಕಿ, ಸೊಂಟದ ಪಟ್ಟಿಯ ಸಡಿಲವನ್ನೆಲ್ಲ ಭುಜದ ಕಡೆಗೆ ಎಳೆದುಕೊಳ್ಳಬೇಕು. ಬಳಿಕ ಭುಜದ ಪಟ್ಟಿಯನ್ನು ಜೋರಾಗಿ ಜಗ್ಗಿದರೆ ರೀಲು ಲಾಕ್ ಆಗುತ್ತದೆ. ಆ ಎಳೆತವನ್ನು ಬಿಡದೆ ಸೀಟನ್ನು ಮುಂದಕ್ಕೆ ತಂದರೆ ಬೆಲ್ಟು ಸೊಂಟವನ್ನು ಕಚ್ಚಿ ಹಿಡಿಯುತ್ತದೆ. ಒಂದು ರನ್ನಿಗೆ ಇದು ಧಾರಾಳವಾಗಿ ಸಾಕು, ಖರ್ಚು ಸೊನ್ನೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಇದನ್ನು ಕೇಳಿದ ಮೇಲೆ ಕೆಲವರು ಹಾರ್ನೆಸ್ಸಿನ ಆಸೆಯನ್ನೇ ಬಿಡಬಹುದು. ರೋಲ್ ಕೇಜ್ (ಚಾವಣಿ ಕುಸಿಯದಂತೆ ಕಾರಿನೊಳಗೆ ನಿಲ್ಲಿಸುವ ಉಕ್ಕಿನ ಕೊಳವೆಗಳ ಪಂಜರ) ಅಥವಾ ಕನಿಷ್ಠ ಸೀಟಿನ ಹಿಂದಿನ ಕಮಾನಾದ ರೋಲ್ ಹೂಪ್ ಇಲ್ಲದ ಕಾರಿಗೆ ನಾಲ್ಕು, ಐದು, ಆರು ಬಿಂದುಗಳ ಹಾರ್ನೆಸ್ ಹಾಕಬಾರದು. ಕಾರು ಮಗುಚಿ ಚಾವಣಿ ಕುಸಿದಾಗ, ಮೂರು ಬಿಂದುಗಳ ಬೆಲ್ಟಿನಲ್ಲಿರುವವನ ಮೈಗೆ ಪಕ್ಕಕ್ಕೆ ವಾಲಲು ಸ್ವಲ್ಪವಾದರೂ ಅವಕಾಶವಿರುತ್ತದೆ. ಹಾರ್ನೆಸ್ ಮತ್ತು ಮೈಯನ್ನು ಎರಡೂ ಪಕ್ಕ ಅಪ್ಪಿಹಿಡಿಯುವ, ಬಾಗದ ಬಕೆಟ್ ಸೀಟು ಸೇರಿದರೆ ಮೈ ಕಂಬದಂತೆ ನೆಟ್ಟಗೆ ನಿಲ್ಲುತ್ತದೆ, ಇಳಿದುಬರುವ ಚಾವಣಿಯನ್ನು ತಲೆಯೇ ಎದುರಿಸಬೇಕಾಗುತ್ತದೆ. ಡಾಂಬರಿನ ಮೇಲೆ ಜಾರುವ ಕಾರು ಜಾರುತ್ತಲೇ ಹೋದೀತು. ಮಣ್ಣಿನಲ್ಲಿ ಪಕ್ಕಕ್ಕೆ ಜಾರುವ ಚಕ್ರ ಹಿಂದಿನ ಕಾರುಗಳು ಕೊರೆದ ಜಾಡಿಗೆ ಸಿಕ್ಕಿಕೊಂಡು ಕಾರನ್ನು ಎತ್ತಿ ಎಸೆಯಬಲ್ಲದು. ಕೇಜ್ ಹಾಕಿಸುವ ಉದ್ದೇಶವಿಲ್ಲದಿದ್ದರೆ ಒಳ್ಳೆಯ ಸೀಟು ಮತ್ತು ಕಂಪನಿಯ ಬೆಲ್ಟು, ಇವೆರಡೇ ಸರಿಯಾದ ಜೋಡಿ. ಆಗ ಸೊಂಟದ ಪಟ್ಟಿ ಸೀಟಿನ ಎತ್ತರದ ಅಂಚಿನ ಮೇಲೆ ಸೇತುವೆಯಂತೆ ನಿಂತು ಸೊಂಟವನ್ನೇ ಮುಟ್ಟದೆ ಇರುವ ಅಪಾಯವುಂಟು. ಆದ್ದರಿಂದ ಅಂಚು ತಗ್ಗಿರುವ, ಇಲ್ಲವೇ ಪಟ್ಟಿಯನ್ನು ಪಕ್ಕದ ಕಿಂಡಿಯ ಮೂಲಕ ತೂರಿಸಲು ಬರುವ ಸೀಟನ್ನು ಆರಿಸಬೇಕು. ಹಲವು ಕಾರುಗಳಲ್ಲಿ ಬಕಲ್ ಇರುವುದು ಹಳೆಯ ಸೀಟಿನ ಕಾಲಿನಲ್ಲಿಯೇ ಆದ್ದರಿಂದ, ಸೀಟು ತೆಗೆದಾಗ ಬಕಲ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮೊದಲೇ ಯೋಚಿಸಿರಬೇಕು.

ಸೀಟಿನ ಆಯ್ಕೆ

ಅಗ್ಗ ಎಂದು ಮುಗ್ಗಿದ ಜೋಳ ಕೊಂಡರಂತೆ ಎಂಬ ಗಾದೆ ಮೆಕ್ಕೆಜೋಳದ ನಮ್ಮೂರಿನವರಿಗೆ ಹೊಸದಲ್ಲ. ಅಲಂಕಾರದ ಅಂಗಡಿಗಳಲ್ಲಿ ಬಕೆಟ್ ಸೀಟು ಎಂದು ಮಾರುವ ಎಷ್ಟೋ ಸೀಟುಗಳು ತೆಳು ಕೊಳವೆಯ ಚೌಕಟ್ಟಿಗೆ ಫೋಮ್ ಮತ್ತು ಕೆಂಪು ಹೊಲಿಗೆ ಹಾಕಿದ ಕುರ್ಚಿಗಳು. ಅವುಗಳ ಭುಜದ ಕಿಂಡಿಗಳು ಬರೀ ಪ್ಲಾಸ್ಟಿಕ್ ಚೌಕಟ್ಟುಗಳು. ಹಿಂದೆ ಬೆರಳು ಹಾಕಿ ನೋಡಿದರೆ ಬೆಲ್ಟಿನ ಭಾರವನ್ನು ಹೊರುವ ಅಂಚೇ ಇರುವುದಿಲ್ಲ. ಅಂಗಡಿಯಲ್ಲೇ ಪರೀಕ್ಷಿಸುವುದು ಸುಲಭ: ಸೀಟನ್ನು ನೆಲದ ಮೇಲಿಟ್ಟು, ಒಂದು ಕೈಯಿಂದ ಕೆಳಭಾಗವನ್ನು ಒತ್ತಿಹಿಡಿದು, ಬೆನ್ನಿನ ಮೇಲ್ತುದಿಯನ್ನು ಎಡಬಲಕ್ಕೆ ತಿರುಚಿ ನೋಡಬೇಕು. ಕೀಲು ಕಿರುಗುಟ್ಟಿದರೆ ಅಥವಾ ಬೆನ್ನು ಬಾಗಿದರೆ ಅದು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಇಡಲು ಯೋಗ್ಯ.

ಸ್ಪರ್ಧೆಗೆಂದೇ ತಯಾರಾದ ಸೀಟಿಗೆ ವಿಶ್ವ ಮೋಟಾರು ಕ್ರೀಡೆಯ ನಿಯಂತ್ರಣ ಸಂಸ್ಥೆಯಾದ ಎಫ್‌ಐಎ ಮಾನದಂಡದ ಚೀಟಿ ಹೊಲಿದಿರುತ್ತದೆ ಅಥವಾ ಅಂಟಿಸಿರುತ್ತದೆ. 8855-1999 ಎಂಬುದು ಹವ್ಯಾಸಿಗಳ ನಡುವೆ ಹೆಚ್ಚು ಕಾಣುವ ಮಾನದಂಡ. ಆ ಸೀಟುಗಳ ಆಯುಷ್ಯ ತಯಾರಾದ ವರ್ಷದಿಂದ 5 ವರ್ಷ. 8862-2009 ಅದಕ್ಕಿಂತ ಕಠಿಣವಾದದ್ದು, ಅದರ ಆಯುಷ್ಯ 10 ವರ್ಷ, ಬೆಲೆಯೂ ಹಾಗೆಯೇ. ಬಳಸಿದ ಸೀಟನ್ನು ಕೊಳ್ಳುವಾಗ ಚೀಟಿಯ ವರ್ಷವನ್ನು ಓದುವುದರ ಜೊತೆಗೆ ಬಟ್ಟೆಯ ಹೊದಿಕೆಯನ್ನು ಸರಿಸಿ ಫೈಬರ್‌ಗ್ಲಾಸ್ ಚಿಪ್ಪನ್ನು ನೋಡಬೇಕು. ಬೋಲ್ಟಿನ ತೂತುಗಳ ಸುತ್ತ ಬಿಳಿಯ ಗೆರೆಗಳಿದ್ದರೆ ಅಥವಾ ಬೆರಳಿನಿಂದ ತಟ್ಟಿದಾಗ ಒಂದೆಡೆ ಮಾತ್ರ ಮಂದವಾದ ಸದ್ದು ಬಂದರೆ, ಆ ಚಿಪ್ಪು ಒಮ್ಮೆ ಪೆಟ್ಟು ತಿಂದಿದೆ ಎಂದೇ ತಿಳಿಯಬೇಕು.

ಅಳತೆ ಬ್ರಾಂಡಿಗಿಂತ ಮುಖ್ಯ. ಸೊಂಟದ ಎರಡೂ ಪಕ್ಕ ಬಿಗಿಯಾಗಿರಬೇಕು, ಆದರೆ ಉಸಿರೆಳೆದಾಗ ಪಕ್ಕೆಲುಬಿಗೆ ಒತ್ತಬಾರದು. ಭುಜದ ಕಿಂಡಿಗಳು ನಿಮ್ಮ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲಿರಬೇಕು. ಕೆಳಗಿದ್ದರೆ ಬೆಲ್ಟು ಭುಜವನ್ನು ಕೆಳಕ್ಕೆ ಒತ್ತುತ್ತದೆ, ಅಪಘಾತದಲ್ಲಿ ಆ ಒತ್ತಡವೆಲ್ಲ ಬೆನ್ನುಮೂಳೆಗೆ ಹೋಗುತ್ತದೆ. ಗೆಳೆಯನ ಸೀಟು ತನಗೆ ಹೊಂದೀತೆಂದು ಕುಳಿತು ನೋಡದೆ ತರಿಸಿಕೊಂಡವರಲ್ಲಿ ನಾನೂ ಒಬ್ಬ. ಆ ಸೀಟು ಈಗ ನನ್ನ ಅಣ್ಣನ ಮಗನ ಕಾರಿನಲ್ಲಿದೆ.

ಕೂರುವ ಭಂಗಿಯನ್ನು ಮೊದಲು ನಿರ್ಧರಿಸುವುದು

ತೂತು ಹೊಡೆಯುವ ಮೊದಲು ಅರ್ಧ ದಿನವನ್ನು ಭಂಗಿಗೆಂದೇ ಮೀಸಲಿಡಬೇಕು. ಹಳೆಯ ಸೀಟನ್ನು ತೆಗೆಯುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ ಕನಿಷ್ಠ ಹತ್ತು ನಿಮಿಷ ಕಾಯಬೇಕು. ಸೀಟಿನ ಅಡಿಯ ಹಳದಿ ಪ್ಲಗ್ಗುಗಳು ಏರ್‌ಬ್ಯಾಗ್ ಮತ್ತು ಢಿಕ್ಕಿಯಾದಾಗ ಬೆಲ್ಟನ್ನು ತಾನೇ ಬಿಗಿಯುವ ಪ್ರಿಟೆನ್ಷನರ್‌ಗೆ ಸೇರಿದವು. ಅವು ಬಿಚ್ಚಿರುವಾಗ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರೆ ಎಚ್ಚರಿಕೆಯ ದೀಪ ಹತ್ತಿ, ಕಂಪನಿಯ ಸ್ಕ್ಯಾನರ್ ಇಲ್ಲದೆ ಆರದೆ ಕಾಡುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ, ಹೊಸ ಸೀಟಿನೊಂದಿಗೆ ಆ ರಕ್ಷಣೆಯನ್ನು ಕಳೆದುಕೊಳ್ಳುತ್ತೀರಿ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಹೊಸ ಸೀಟನ್ನು ಮರದ ತುಂಡುಗಳ ಮೇಲಿಟ್ಟು, ಓಡಿಸುವಾಗ ಹಾಕುವ ಶೂ ಮತ್ತು ಹೆಲ್ಮೆಟ್ ಧರಿಸಿ ಕುಳಿತುಕೊಳ್ಳಿ. ಬೆನ್ನು ಪೂರ್ತಿ ಒರಗಿರುವಾಗ ಚಾಚಿದ ಕೈಯ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿನ ಮೇಲೆ ಕೂರಬೇಕು. ಕ್ಲಚ್ಚನ್ನು ತಳಮುಟ್ಟ ಒತ್ತಿದಾಗಲೂ ಮಂಡಿ ತುಸು ಬಾಗಿಯೇ ಇರಬೇಕು. ಹೆಲ್ಮೆಟ್ಟಿಗೂ ಚಾವಣಿ ಅಥವಾ ಕೇಜಿನ ಕೊಳವೆಗೂ ನಡುವೆ ಕನಿಷ್ಠ 5 ಸೆಂಟಿಮೀಟರ್ ಅಂತರ ಬೇಕು, ತಲೆ ತಗುಲಬಹುದಾದ ಕೊಳವೆಗೆಲ್ಲ ಗಟ್ಟಿ ಪ್ಯಾಡಿಂಗ್ ಬೇಕು. ಕೊಳಾಯಿಗೆ ಸುತ್ತುವ ಮೃದು ಸ್ಪಂಜು ತಲೆಯ ಪೆಟ್ಟಿಗೆ ಏನೇನೂ ಅಲ್ಲ. ಆಮೇಲೆ ಮುಂದೆ ನೋಡಿ: ಬಾನೆಟ್ಟಿನ ಆಚೆ ಹತ್ತು ಅಡಿಯಲ್ಲಿ ನೆಟ್ಟ ಕೋನು ಕಾಣಿಸುತ್ತದೆಯೇ? ಸೀಟು ಕೆಳಗಿದ್ದಷ್ಟೂ ಒಳ್ಳೆಯದೆಂದು ನೆಲಕ್ಕೆ ಅಂಟಿಸಿಕೊಂಡು ಕೋನು ಕಾಣದೆ ಹೋದರೆ ಗೆಲ್ಲುವುದು ಹೇಗೆ.

ಸೀಟನ್ನು ನೆಲಕ್ಕೆ ಬಿಗಿಯುವುದು

ಎಫ್‌ಐಎ ನಿಯಮಾವಳಿಯ ಅನುಬಂಧ ಜೆ, ಪರಿಚ್ಛೇದ 253ರಲ್ಲಿ ಹೇಳಿದ ಅಳತೆಗಳನ್ನು ಹವ್ಯಾಸಿಯೂ ಕಣ್ಣುಮುಚ್ಚಿ ಪಾಲಿಸಬಹುದು. ಪ್ರತಿ ಸೀಟಿಗೆ ಕನಿಷ್ಠ ನಾಲ್ಕು ಕಡೆ ಕನಿಷ್ಠ 8 ಮಿಲಿಮೀಟರ್ ವ್ಯಾಸದ ಬೋಲ್ಟು. ಆಧಾರದ ಪಟ್ಟಿ ಮತ್ತು ಹಿಂಬದಿಯ ತಟ್ಟೆ ಉಕ್ಕಿನವಾದರೆ ಕನಿಷ್ಠ 3 ಮಿಲಿಮೀಟರ್, ಹಗುರ ಮಿಶ್ರಲೋಹವಾದರೆ 5 ಮಿಲಿಮೀಟರ್ ದಪ್ಪ. ಪ್ರತಿ ಬಿಂದುವಿನಲ್ಲೂ ತಟ್ಟೆ ತಗಡನ್ನು ಮುಟ್ಟುವ ವಿಸ್ತೀರ್ಣ ಕನಿಷ್ಠ 40 ಚದರ ಸೆಂಟಿಮೀಟರ್. ನಲವತ್ತು ಚದರ ಸೆಂಟಿಮೀಟರ್ ಎಂದರೆ ಸುಮಾರು ಆರೂಕಾಲು ಸೆಂಟಿಮೀಟರ್ ಪಕ್ಕವುಳ್ಳ ಚೌಕ. ನನ್ನ ಬಟ್ಟಲಾದ ವಾಷರಿನ ವಿಸ್ತೀರ್ಣ ಇದರ ಐದನೆಯ ಒಂದು ಭಾಗವೂ ಇರಲಿಲ್ಲ.

ಸಾಧ್ಯವಾದರೆ ಕಂಪನಿ ಕೊಟ್ಟಿರುವ ಸೀಟಿನ ಬೋಲ್ಟು ಜಾಗಗಳನ್ನೇ ಬಳಸಿ, ಅವುಗಳಿಗೆ ಹೊಂದುವ ಅಡ್ಡಪಟ್ಟಿಗಳನ್ನು ಮಾಡಿಸಿ, ಅದರ ಮೇಲೆ ಸೀಟಿನ ಪಕ್ಕದ ಬ್ರಾಕೆಟ್ಟುಗಳನ್ನು ಕೂರಿಸುವುದು ಉತ್ತಮ. ಈ ಪಟ್ಟಿಗಳನ್ನು ಮಾಡಿಸುವುದಕ್ಕೆ ನಮ್ಮ ಭಾಗದವರು ಬೆಂಗಳೂರಿಗೆ ಹೋಗಬೇಕಾಗಿಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಹೋದರೂ ಆ ಕೈಗಳ ಕಸುಬು ಊರಲ್ಲಿ ಉಳಿದಿದೆ. ಕಾಗದದ ಮೇಲೆ ಮಿಲಿಮೀಟರಿನಲ್ಲಿ ಅಳತೆ ಬರೆದುಕೊಟ್ಟರೆ ಹಾಗೆಯೇ ಮಾಡಿಕೊಡುವ ಟರ್ನರುಗಳು ಹರಿಹರ, ದಾವಣಗೆರೆ ಎರಡೂ ಕಡೆ ಸಿಗುತ್ತಾರೆ. ಬರೆದುಕೊಡದೆ ಬಾಯಲ್ಲಿ ಹೇಳಿದರೆ ಮಾತ್ರ ಅವರಿಗೆ ತಿಳಿದಂತೆ ಮಾಡುತ್ತಾರೆ, ಅದು ಅವರ ತಪ್ಪಲ್ಲ. ಎರಡು ಬದಿಯ ಬ್ರಾಕೆಟ್ಟುಗಳು ಒಂದಕ್ಕೊಂದು ಸಮಾನಾಂತರವಾಗಿರದಿದ್ದರೆ ಬೋಲ್ಟು ಬಿಗಿದಾಗ ಫೈಬರ್‌ಗ್ಲಾಸ್ ಚಿಪ್ಪು ಒಳಕ್ಕೆ ಎಳೆಯಲ್ಪಟ್ಟು ದಿನಕಳೆದಂತೆ ಬಿರುಕು ಬಿಡುತ್ತದೆ. ಸಂದನ್ನು ಬೋಲ್ಟಿನ ಬಲದಿಂದ ಮುಚ್ಚಬಾರದು, ಅಳತೆಯ ಉಕ್ಕಿನ ಬಿಲ್ಲೆ ಹಾಕಿ ತುಂಬಬೇಕು. ಬೋಲ್ಟುಗಳು 8.8 ದರ್ಜೆಗೆ ಕಡಿಮೆ ಇರಬಾರದು. ಆ ಸಂಖ್ಯೆ ತಲೆಯ ಮೇಲೆ ಕೆತ್ತಿರುತ್ತದೆ, ಕೆತ್ತಿಲ್ಲದ ಬೋಲ್ಟನ್ನು ಪೆಟ್ಟಿಗೆಗೆ ವಾಪಸು ಹಾಕಿ. ನಟ್ಟುಗಳು ನೈಲಾಕ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವಂಥವು) ಆಗಿರಲಿ, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಬಳಸಬೇಡಿ.

ಹಾರ್ನೆಸ್

ಹಾರ್ನೆಸ್ಸಿಗೆ ಈಗಿನ ಎಫ್‌ಐಎ ಮಾನದಂಡ 8853-2016, ಅದರ ಹಿಂದಿನದು 8853/98. ಅಮೆರಿಕದ ಸುರಕ್ಷತಾ ಮಾನದಂಡ ಸಂಸ್ಥೆ ಎಸ್‌ಎಫ್‌ಐ 16.1 ಚೀಟಿಯ ಬೆಲ್ಟುಗಳೂ ಸಿಗುತ್ತವೆ, ಆದರೆ ಅವುಗಳ ಮಾನ್ಯತೆ 2 ವರ್ಷ ಮಾತ್ರ. ಎಫ್‌ಐಎ ಚೀಟಿಯ ಮೇಲೆ ಯಾವ ವರ್ಷದವರೆಗೆ ಮಾನ್ಯ ಎಂದು ಮುದ್ರಿಸಿರುತ್ತದೆ. ನಕಲಿ ಚೀಟಿಗಳೂ ಮಾರುಕಟ್ಟೆಯಲ್ಲಿ ಇರುವುದರಿಂದ, ನಂಬಲಸಾಧ್ಯವಾದ ಬೆಲೆಗೆ ಹೆಸರಾಂತ ಬ್ರಾಂಡು ಸಿಕ್ಕರೆ ಅದನ್ನು ನಂಬದೇ ಇರುವುದು ಕ್ಷೇಮ. ಎಫ್‌ಎಂಎಸ್‌ಸಿಐ (ಭಾರತದ ಮೋಟಾರು ಕ್ರೀಡಾ ಒಕ್ಕೂಟ) ಮಾನ್ಯತೆಯ ಸ್ಪರ್ಧೆಗೆ ಹೋಗುವವರು ಆ ಸ್ಪರ್ಧೆಯ ಪೂರಕ ನಿಯಮಾವಳಿಯನ್ನು ಓದಿದ ಮೇಲೆಯೇ ದುಡ್ಡು ಬಿಚ್ಚಬೇಕು, ಏಕೆಂದರೆ ಕೊನೆಗೆ ಸ್ಕ್ರುಟಿನಿಯಲ್ಲಿ (ಓಟಕ್ಕೆ ಮುನ್ನ ನಡೆಯುವ ಕಾರಿನ ತಪಾಸಣೆಯಲ್ಲಿ) ನಿಂತು ಚೀಟಿ ಓದುವವರ ಮಾತೇ ಮಾತು.

ನಾಲ್ಕು ಬಿಂದುಗಳದ್ದು ಬೇಡ, ಆರು ಬಿಂದುಗಳದ್ದನ್ನೇ ತೆಗೆದುಕೊಳ್ಳಿ. ನಾಲ್ಕು ಬಿಂದುಗಳ ಬೆಲ್ಟಿನಲ್ಲಿ ಭುಜದ ಪಟ್ಟಿಗಳನ್ನು ಬಿಗಿದಾಗ ಅವು ನಡುವಿನ ಬಕಲನ್ನು, ಅದರೊಂದಿಗೆ ಸೊಂಟದ ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತವೆ. ಪಟ್ಟಿ ಸೊಂಟದ ಮೂಳೆಯನ್ನು ಬಿಟ್ಟು ಹೊಟ್ಟೆಯ ಮೃದುಭಾಗಕ್ಕೆ ಏರುತ್ತದೆ. ಢಿಕ್ಕಿಯಾದಾಗ ಮೈ ಪಟ್ಟಿಯ ಕೆಳಗಿನಿಂದ ಮುಂದಕ್ಕೆ ಜಾರಿ, ಕರುಳು ಮತ್ತು ಪಿತ್ತಜನಕಾಂಗದಂಥ ಒಳ ಅಂಗಗಳ ಮೇಲೆ ಭಾರ ಬೀಳುತ್ತದೆ. ಬಕಲನ್ನು ಕೆಳಗೆ ಹಿಡಿದಿಡುವುದೇ ಆರು ಬಿಂದುಗಳ ಬೆಲ್ಟಿನಲ್ಲಿ ಹೆಚ್ಚಿಗೆ ಇರುವ ಎರಡು ತೊಡೆಸಂದಿನ ಪಟ್ಟಿಗಳ ಕೆಲಸ, ಗಂಡಸರು ಅಂಜುವಂಥದ್ದು ಅದರಲ್ಲಿ ಏನೂ ಇಲ್ಲ. ಷ್ರಾತ್ ಕಂಪನಿಯ ಕೆಲವು ನಾಲ್ಕು ಬಿಂದುಗಳ ಬೆಲ್ಟುಗಳಲ್ಲಿ ಈ ಜಾರುವಿಕೆಯನ್ನು ತಡೆಯಲೆಂದೇ ಒಂದು ಭುಜದ ಪಟ್ಟಿಯಲ್ಲಿ ಮಡಿಕೆಯನ್ನು ಹೊಲಿದಿರುತ್ತಾರೆ, ಆದರೆ ಅದು ಅಪವಾದ.

ಕೋನಗಳು

ಇದು ಇಡೀ ಕೆಲಸದ ಹೃದಯ. ಭುಜದ ಪಟ್ಟಿಗಳು ಭುಜದಿಂದ ಹಿಂದಕ್ಕೆ ಮಟ್ಟವಾಗಿ, ಅಥವಾ ಹೆಚ್ಚೆಂದರೆ 20 ಡಿಗ್ರಿ ಕೆಳಕ್ಕೆ ಹೋಗಬೇಕು. 10 ಡಿಗ್ರಿಯ ಆಸುಪಾಸು ಇದ್ದರೆ ಬಹಳ ಚೆನ್ನ. ಎಫ್‌ಐಎ ನಿಯಮ 45 ಡಿಗ್ರಿಯನ್ನು ಮೀರಬಾರದ ಗಡಿಯೆಂದು ಹೇಳುತ್ತದೆ, ಆದರೆ ಗಡಿಯನ್ನು ಗುರಿ ಎಂದು ತಿಳಿಯಬಾರದು. ಶಾಲೆಯ ತ್ರಿಕೋನಮಿತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ: 45 ಡಿಗ್ರಿಯಲ್ಲಿ ಪಟ್ಟಿಯ ಎಳೆತದ ಶೇಕಡ 70ರಷ್ಟು ಭುಜವನ್ನು ಕೆಳಕ್ಕೆ ಒತ್ತುತ್ತದೆ, 10 ಡಿಗ್ರಿಯಲ್ಲಿ ಅದು ಶೇಕಡ 17ಕ್ಕೆ ಇಳಿಯುತ್ತದೆ. ನನ್ನ ಮೊದಲ ಜೋಡಣೆಯಲ್ಲಿ ಪಟ್ಟಿಗಳು ಹಿಂದಿನ ನೆಲಕ್ಕೆ ಇಳಿದಿದ್ದ ಕೋನವನ್ನು ಆಮೇಲೆ ಅಳೆದಾಗ ಹತ್ತಿರ ಹತ್ತಿರ 50 ಡಿಗ್ರಿ ಇತ್ತು. ಚರಂಡಿಗೆ ಇಳಿದ ಮರುದಿನ ಕುತ್ತಿಗೆಯ ಬುಡ ಏಕೆ ನೋಯುತ್ತಿತ್ತೆಂಬುದು ಆಗ ಅರ್ಥವಾಯಿತು. ಪಟ್ಟಿ ಉದ್ದವಾದಷ್ಟೂ ಎಳೆತದಲ್ಲಿ ಹೆಚ್ಚು ಹಿಗ್ಗುತ್ತದೆ ಎಂಬುದು ನೆಲಕ್ಕೆ ಕಟ್ಟುವುದರ ಎರಡನೆಯ ದೋಷ.

ಹಾಗಾಗಿ ಭುಜದ ಪಟ್ಟಿಗಳಿಗೆ ಸೀಟಿನ ಹಿಂದೆಯೇ, ಕೇಜಿನ ಎರಡು ಕಂಬಗಳ ನಡುವೆ, ಒಂದು ಅಡ್ಡ ಕೊಳವೆ ಬೇಕು. ಎಫ್‌ಐಎ ಹೇಳುವ ಅಳತೆ 38 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪ, ಅಥವಾ 40 ವ್ಯಾಸ, 2 ದಪ್ಪ. ಕೊಳವೆ ಬೆಸುಗೆಯ ಗೆರೆಯಿಲ್ಲದ ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಆಗಿರಬೇಕು. ಗೇಟು ಮತ್ತು ಕಿಟಕಿಯ ಸರಳಿಗೆ ಬಳಸುವ ಕೊಳವೆ ಇದಲ್ಲ, ನೋಡಲು ಮಾತ್ರ ಒಂದೇ ಥರ. ಕೊಳವೆ ಭುಜದ ತುದಿಯಿಂದ 20 ಸೆಂಟಿಮೀಟರ್ ಹಿಂದಿದ್ದರೆ ಅದು ಭುಜದ ಮಟ್ಟಕ್ಕಿಂತ ಸುಮಾರು 7 ಸೆಂಟಿಮೀಟರಿಗಿಂತ ಹೆಚ್ಚು ಕೆಳಗಿರಬಾರದು, ಮೇಲಂತೂ ಇರಲೇಬಾರದು. ಮೇಲಿನಿಂದ ನೋಡಿದಾಗ ಪಟ್ಟಿಗಳು ಕಾರಿನ ಮಧ್ಯರೇಖೆಗೆ 20 ಡಿಗ್ರಿಗಿಂತ ಹೆಚ್ಚು ಓರೆಯಾಗಬಾರದು.

ಅಳೆಯುವುದಕ್ಕೆ ನಾನು ಗಾರೆ ಕೆಲಸದ ತೂಗುಗುಂಡು ಮತ್ತು ಒಂದು ಹುರಿಯನ್ನು ಬಳಸುತ್ತೇನೆ. ಓಡಿಸುವವನನ್ನು ಕೂರಿಸಿ, ಅವನ ಭುಜದ ಮೇಲಿಂದ ಹುರಿಯನ್ನು ಕಿಂಡಿಯೊಳಗೆ ತೂರಿ ಕೊಳವೆ ಬರುವ ಜಾಗಕ್ಕೆ ಬಿಗಿಯಾಗಿ ಹಿಡಿದು, ಅದರ ಪಕ್ಕಕ್ಕೆ ಮೊಬೈಲಿನ ಮಟ್ಟದ ಆ್ಯಪ್ ಇಟ್ಟರೆ ಕೋನ ಕಾಣುತ್ತದೆ. ತೂಗುಗುಂಡು ಬೇಕಾಗುವುದು ಬಿಂದುಗಳನ್ನು ನೆಲಕ್ಕೆ ಇಳಿಸಿ ಗುರುತು ಹಾಕುವುದಕ್ಕೆ. ಅದಕ್ಕೂ ಮೊದಲು ಕಾರು ಮಟ್ಟವಾದ ನೆಲದ ಮೇಲೆ ನಿಂತಿರಬೇಕು. ನಮ್ಮ ಬೀದಿಯ ಇಳಿಜಾರಿನಲ್ಲಿ ನಿಲ್ಲಿಸಿ ಒಮ್ಮೆ ಇಡೀ ಲೆಕ್ಕವನ್ನೇ ತಪ್ಪಿಸಿಕೊಂಡಿದ್ದೇನೆ.

ಸೊಂಟದ ಪಟ್ಟಿ ನೆಲಮಟ್ಟಕ್ಕೆ 45ರಿಂದ 65 ಡಿಗ್ರಿ ಕೋನದಲ್ಲಿ ಹಿಂದಕ್ಕೆ ಕೆಳಕ್ಕೆ ಹೋಗಬೇಕು, ಸೀಟಿನ ಪಕ್ಕದ ಕಿಂಡಿಯ ಅಂಚನ್ನು ಉಜ್ಜದೆ ಹಾಯಬೇಕು. ತೊಡೆಸಂದಿನ ಪಟ್ಟಿಗಳು ಆರು ಬಿಂದುಗಳ ಬೆಲ್ಟಿನಲ್ಲಿ ನೇರ ಕೆಳಕ್ಕಲ್ಲ, ಲಂಬರೇಖೆಗಿಂತ ಸುಮಾರು 20 ಡಿಗ್ರಿ ಹಿಂದಕ್ಕೆ ಇಳಿಯಬೇಕು. ಐದು ಬಿಂದುಗಳದ್ದಾದರೆ ಒಂಟಿ ಪಟ್ಟಿ ಹೆಚ್ಚುಕಡಿಮೆ ನೇರ ಕೆಳಕ್ಕೆ ಬರುತ್ತದೆ. ಬೆಲ್ಟುಗಳನ್ನು ಸೀಟಿಗಾಗಲಿ ಅದರ ಆಧಾರಕ್ಕಾಗಲಿ ಕಟ್ಟುವುದನ್ನು ಎಫ್‌ಐಎ ನಿಯಮ ಸ್ಪಷ್ಟವಾಗಿ ನಿಷೇಧಿಸುತ್ತದೆ.

ತೂತು, ತಟ್ಟೆ, ಐ ಬೋಲ್ಟು

ಅದೇ ನಿಯಮಾವಳಿಯ ಪ್ರಕಾರ ಭುಜ ಮತ್ತು ಸೊಂಟದ ಪ್ರತಿ ಬಿಂದುವೂ 1470 ಡೆಕಾನ್ಯೂಟನ್, ತೊಡೆಸಂದಿನ ಬಿಂದು 720 ಡೆಕಾನ್ಯೂಟನ್ ಬಲವನ್ನು ತಾಳಬೇಕು. ಮೊದಲನೆಯದು ಒಂದೂವರೆ ಟನ್ನಿನ ಭಾರಕ್ಕೆ ಸಮ. ಎಪಿಎಂಸಿ ಅಂಗಳದಲ್ಲಿ ಹದಿನೈದು ಕ್ವಿಂಟಾಲ್ ಮೆಕ್ಕೆಜೋಳವನ್ನು ಒಂದೇ ಬೋಲ್ಟಿಗೆ ತೂಗುಹಾಕಿದಂತೆ ಎಣಿಸಿದರೆ ಕಣ್ಣಿಗೆ ಕಟ್ಟುತ್ತದೆ. ಸುಮಾರು ಒಂದು ಮಿಲಿಮೀಟರಿಗಿಂತ ತೆಳುವಾದ ನೆಲದ ತಗಡು ಅಷ್ಟನ್ನು ತಾಳಬೇಕಾದರೆ ಭಾರವನ್ನು ಹಂಚಲೇಬೇಕು. ಇಲ್ಲಿಯೂ ಕನಿಷ್ಠ 40 ಚದರ ಸೆಂಟಿಮೀಟರಿನ, 3 ಮಿಲಿಮೀಟರ್ ದಪ್ಪದ ಉಕ್ಕಿನ ತಟ್ಟೆ, ಅದೂ ಎಳೆತದ ವಿರುದ್ಧ ಬದಿಯಲ್ಲಿ, ಅಂದರೆ ಕಾರಿನ ಅಡಿಯಲ್ಲಿ. ತಟ್ಟೆಯ ಮೂಲೆಗಳನ್ನು ಗ್ರೈಂಡರಿನಿಂದ ದುಂಡಗೆ ಮಾಡದಿದ್ದರೆ ಅವೇ ಚಾಕುವಿನಂತೆ ತಗಡನ್ನು ಕೊಯ್ಯುತ್ತವೆ.

ತೂತು ಕೊರೆಯುವ ಮೊದಲು ಕಾರನ್ನು ಎತ್ತಿ ಅಡಿಯನ್ನು ನೋಡುವುದು ಕಡ್ಡಾಯ. ಹೆಚ್ಚಿನ ಚಿಕ್ಕ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂದಿನ ಸೀಟಿನ ನೇರ ಕೆಳಗೇ ಇರುತ್ತದೆ. ಬ್ರೇಕಿನ ಕೊಳವೆಗಳು ಮತ್ತು ಇಂಧನದ ಕೊಳವೆಗಳು ನೆಲದುದ್ದಕ್ಕೂ ಹಾದುಹೋಗುತ್ತವೆ. ಒಳಗೆ ಕಾರ್ಪೆಟ್ಟಿನ ಅಡಿಯಲ್ಲಿ ವೈರಿಂಗ್ ಇರುತ್ತದೆ. ಮೊದಲು 4 ಮಿಲಿಮೀಟರಿನ ತೂತು ಕೊರೆದು, ಕೆಳಗಿಳಿದು ಅದು ಎಲ್ಲಿ ಬಂತೆಂದು ನೋಡಿ, ಆಮೇಲೆ ದೊಡ್ಡದು ಮಾಡಿ. ಡಾಂಬರಿನಂಥ ಸದ್ದುನಿರೋಧಕ ಪದರವನ್ನು ಕೆರೆದು ತೆಗೆದು, ತಟ್ಟೆ ಬರಿಯ ಲೋಹದ ಮೇಲೆ ಕೂರುವಂತೆ ಮಾಡಿ, ಅಂಚಿಗೆ ರೆಡ್ ಆಕ್ಸೈಡ್ ಬಳಿಯಬೇಕು. ವೆಲ್ಡಿಂಗ್ ಇದ್ದರೆ ಬ್ಯಾಟರಿಯ ತಂತಿ ಬಿಚ್ಚಿರಲಿ, ಕೈಗೆಟುಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಸೀಟ್ ಬೆಲ್ಟಿಗೆಂದು ಕಂಪನಿಯೇ ಕೊಟ್ಟಿರುವ ಬಿಂದುಗಳು ಸರಿಯಾದ ಕೋನದಲ್ಲಿ ಸಿಕ್ಕರೆ ಅವೇ ಎಲ್ಲಕ್ಕಿಂತ ಗಟ್ಟಿ. ಅವುಗಳ ತಿರುಪಿನ ಎಳೆ ಸಾಮಾನ್ಯವಾಗಿ 7/16 ಇಂಚು ವ್ಯಾಸದ, ಇಂಚಿಗೆ 20 ಸುತ್ತಿನ ಯುಎನ್‌ಎಫ್ ಆಗಿರುತ್ತದೆ, ಹಾರ್ನೆಸ್ಸಿನ ಐ ಬೋಲ್ಟುಗಳೂ (ತಲೆಯಲ್ಲಿ ಉಂಗುರವಿರುವ ಬೋಲ್ಟುಗಳು) ಅದೇ ಅಳತೆಯವು. ಆ ಎಳೆಗೆ 12 ಮಿಲಿಮೀಟರಿನ ಬೋಲ್ಟನ್ನು ಬಲವಂತವಾಗಿ ತಿರುಗಿಸಿ ಕೆಡಿಸಿದವರನ್ನು ನೋಡಿದ್ದೇನೆ. ಮೊದಲ ನಾಲ್ಕು ಸುತ್ತು ಬೆರಳಿನಲ್ಲೇ ಹೋಗದಿದ್ದರೆ ಬೋಲ್ಟು ತಪ್ಪಾಗಿದೆ ಎಂದರ್ಥ. ಬೋಲ್ಟಿಗೆ ಬಿಗಿಯುವ ಚಪ್ಪಟೆ ಬ್ರಾಕೆಟ್ಟು ಪಟ್ಟಿ ಎಳೆಯುವ ದಿಕ್ಕಿಗೇ ಮುಖ ಮಾಡಿರಬೇಕು. ಅಡ್ಡವಾಗಿ ನಿಂತರೆ ಪಟ್ಟಿಯ ಒಂದು ಅಂಚಿಗೆ ಮಾತ್ರ ಭಾರ ಬಿದ್ದು ಅಲ್ಲಿಂದಲೇ ಹರಿಯಲು ಶುರುವಾಗುತ್ತದೆ.

ಕೊಳವೆಗೆ ಪಟ್ಟಿ ಸುತ್ತಿ ಮೂರು ಸರಳಿನ ಅಡ್ಜಸ್ಟರಿನಲ್ಲಿ (ಪಟ್ಟಿಯನ್ನು ಹೆಣೆದು ಕಟ್ಟುವ ಲೋಹದ ಕೊಂಡಿಯಲ್ಲಿ) ಕಟ್ಟುವಾಗ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಪಟ್ಟಿಯ ತುದಿಯನ್ನು ಅಡ್ಜಸ್ಟರಿನ ಒಳಗೆ ಒಮ್ಮೆ ಹಾಯಿಸಿ ಬಿಟ್ಟರೆ ಕೈಯಿಂದ ಜಗ್ಗಿದಾಗ ಗಟ್ಟಿಯಾಗಿಯೇ ಕಾಣುತ್ತದೆ, ಆದರೆ ಭಾರ ಬಿದ್ದಾಗ ಜಾರುತ್ತದೆ; ತುದಿಯನ್ನು ತಿರುಗಿಸಿ ಮತ್ತೊಮ್ಮೆ ಒಳಕ್ಕೆ ತಂದಾಗಲೇ ಅದು ತನ್ನನ್ನು ತಾನೇ ಕಚ್ಚಿಕೊಳ್ಳುವುದು. ಹೊರಗೆ ಕನಿಷ್ಠ 10 ಸೆಂಟಿಮೀಟರ್ ಬಾಲ ಉಳಿದಿರಬೇಕು, ಅಡ್ಜಸ್ಟರ್ ಕೊಳವೆಗೆ ಆದಷ್ಟು ಹತ್ತಿರವಿರಬೇಕು, ಪಟ್ಟಿಗಳು ಕೊಳವೆಯ ಮೇಲೆ ಪಕ್ಕಕ್ಕೆ ಸರಿಯದಂತೆ ತಡೆಯೂ ಬೇಕು.

ಧರಿಸುವುದು ಮತ್ತು ಇಳಿಯುವುದು

ಮೊದಲು ಸೊಂಟ, ಆಮೇಲೆ ತೊಡೆಸಂದು, ಕೊನೆಗೆ ಭುಜ. ಬಕಲ್ ಹೊಕ್ಕುಳಿಗಿಂತ ಸಾಕಷ್ಟು ಕೆಳಗೆ, ಸೊಂಟದ ಮೂಳೆಗಳ ನಡುವೆ ಕೂತಿರಬೇಕು. ಬೆಣ್ಣೆದೋಸೆಯ ಊರಿನಲ್ಲಿ ಹೊಟ್ಟೆ ಬಕಲನ್ನು ಮೇಲಕ್ಕೆ ತಳ್ಳುವುದುಂಟು, ಆಗ ಹೊಟ್ಟೆಯನ್ನು ಎತ್ತಿ ಪಟ್ಟಿಯನ್ನು ಅದರ ಅಡಿಗೆ ಹಾಯಿಸಬೇಕೇ ಹೊರತು ಮೇಲೆ ಬಿಡುವಂತಿಲ್ಲ. ಭುಜದ ಪಟ್ಟಿ ಬಿಗಿದ ಮೇಲೆ ಬಕಲ್ ಮೇಲಕ್ಕೆ ಸರಿಯಿತೇ ಎಂದು ಮತ್ತೊಮ್ಮೆ ನೋಡಿ. ಸರಿದಿದ್ದರೆ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಹಾಕಬೇಕು. ಪೂರ್ತಿ ಬಿಗಿದ ಸ್ಥಿತಿಯಲ್ಲಿ ಗೇರು, ಹ್ಯಾಂಡ್‌ಬ್ರೇಕು, ಕೀಲಿ, ಬಾಗಿಲಿನ ಹಿಡಿ ಇವೆಲ್ಲ ಕೈಗೆ ಸಿಗುತ್ತವೆಯೇ ಎಂದು ಪರೀಕ್ಷಿಸಿ. ಮೈ ಹೀಗೆ ಬಿಗಿದಾಗ ತಲೆ ಮಾತ್ರ ಮುಂದಕ್ಕೆ ಹಾರುತ್ತದೆ ಎಂಬುದನ್ನು ನೆನಪಿಟ್ಟು, ಹಾರ್ನೆಸ್ಸಿನ ಜೊತೆಗೇ ಎಫ್‌ಐಎ 8858 ಮಾನದಂಡದ ಕತ್ತಿನ ರಕ್ಷಕವನ್ನೂ ಅದಕ್ಕೆ ಹೊಂದುವ ಹೆಲ್ಮೆಟ್ಟನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಬೇಕು.

ಕಣ್ಣು ಮುಚ್ಚಿ ಬಕಲ್ ತಿರುಗಿಸಿ ಹೊರಬರುವುದನ್ನು ಎರಡೂ ಕೈಗಳಿಂದ ಅಭ್ಯಾಸ ಮಾಡಿ. ಬೆಲ್ಟು ಕತ್ತರಿಸುವ ಕತ್ತರಿಯನ್ನು ಎಡಗೈಗೂ ಬಲಗೈಗೂ ಎಟುಕುವಲ್ಲಿ ಕಟ್ಟಿಡಿ. ಮೈದಾನದಲ್ಲಿ ಸಹಾಯಕ್ಕೆ ನಿಂತ ಹುಡುಗರಿಗೆ ಬಕಲ್ ಹೇಗೆ ಬಿಚ್ಚುತ್ತದೆಂದು ಒಮ್ಮೆ ತೋರಿಸಿಕೊಡಿ, ಅವರಲ್ಲಿ ಹೆಚ್ಚಿನವರು ಅದನ್ನು ಹಿಂದೆಂದೂ ನೋಡಿರುವುದಿಲ್ಲ.

ರಸ್ತೆ, ಧೂಳು, ಬಿಸಿಲು

ಮೈದಾನಕ್ಕೆ ಹೋಗುವಾಗ, ಬರುವಾಗ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಾರ್ನೆಸ್ ಹಾಕಿಕೊಂಡು ಓಡಿಸಬೇಡಿ. ಅದರಲ್ಲಿ ಬಗ್ಗಿ ಪಕ್ಕದ ರಸ್ತೆಯನ್ನು ನೋಡಲಿಕ್ಕೂ ಆಗುವುದಿಲ್ಲ. ಕಂಪನಿಯ ಬೆಲ್ಟನ್ನು ಕೆಲಸ ಮಾಡುವ ಸ್ಥಿತಿಯಲ್ಲಿಯೇ ಉಳಿಸಿಕೊಂಡಿರಬೇಕು. ಮೋಟಾರು ವಾಹನ ಕಾಯ್ದೆಯ ಕಲಂ 194ಬಿ ಪ್ರಕಾರ ಬೆಲ್ಟಿಲ್ಲದಿದ್ದರೆ 1000 ರೂಪಾಯಿ ದಂಡ, ಕಲಂ 182ಎ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಕೇಜ್ ಹಾಕಿದ ಕಾರನ್ನು ಟ್ರೇಲರಿನ ಮೇಲೆ ಒಯ್ಯುವವರು ಈ ತಲೆನೋವಿನಿಂದ ದೂರವಿರುತ್ತಾರೆ.

ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಕಡೆಯ ಮೈದಾನದಲ್ಲಿ ಒಂದು ದಿನ ಓಡಿಸಿದರೆ ಬಕಲಿನೊಳಗೆ ಹಿಟ್ಟಿನಂಥ ಮಣ್ಣು ಸೇರಿ, ತಿರುಗಿಸಿದಾಗ ಕರಕರ ಎನ್ನುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯ ಕೊಳವೆಯಿಂದ ಊದಿಸಿದರೆ ಸಾಕು. ಎಣ್ಣೆ ಹಾಕಿದರೆ ಮುಂದಿನ ಸಲ ಆ ಎಣ್ಣೆಗೆ ಧೂಳು ಅಂಟಿ ಅಂಬಲಿಯಾಗುತ್ತದೆ. ಪಟ್ಟಿಗಳನ್ನು ಉಗುರುಬೆಚ್ಚಗಿನ ನೀರು ಮತ್ತು ಮೃದು ಸೋಪಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು, ಬ್ಲೀಚ್ ತಾಗಿಸಬಾರದು. ಬಿಸಿಲಿನ ನೇರಳಾತೀತ ಕಿರಣ ಪಾಲಿಯೆಸ್ಟರ್ ನೂಲನ್ನು ಸದ್ದಿಲ್ಲದೆ ದುರ್ಬಲಗೊಳಿಸುವುದರಿಂದ, ಬೇಸಿಗೆಯಲ್ಲಿ ಕಾರನ್ನು ಬಯಲಲ್ಲಿ ನಿಲ್ಲಿಸುವವರು ಹಾರ್ನೆಸ್ಸಿನ ಮೇಲೆ ಒಂದು ಹಳೆಯ ಬೆಡ್‌ಶೀಟ್ ಹೊದಿಸಿಡಲಿ. ಬಣ್ಣ ಮಾಸಿ ನೂಲು ಗರಿಗೆದರಿದ ಬೆಲ್ಟನ್ನು, ಹಾಗೆಯೇ ಒಮ್ಮೆ ದೊಡ್ಡ ಪೆಟ್ಟು ತಡೆದ ಬೆಲ್ಟನ್ನು, ಚೀಟಿಯ ವರ್ಷ ಉಳಿದಿದ್ದರೂ ಬದಲಾಯಿಸಬೇಕು.

ಎಲ್ಲ ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ (ಬಿಗಿಯುವ ಬಲವನ್ನು ಅಳೆಯುವ ಪಾನಾದಿಂದ) ಬಿಗಿದು, ಬೋಲ್ಟಿನ ತಲೆಯಿಂದ ತಟ್ಟೆಯವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ದಿನದ ಓಟ ಮುಗಿದ ಸಂಜೆ, ಮಂಡಕ್ಕಿ ಮೆಣಸಿನಕಾಯಿಗೆ ಹೊರಡುವ ಮುನ್ನ, ಟಾರ್ಚ್ ಹಿಡಿದು ಕಾರಿನ ಅಡಿಗೆ ತೂರಿ ನೋಡಿ: ಗೆರೆ ಎಲ್ಲಿಯಾದರೂ ಎರಡಾಗಿದೆಯೇ, ತಟ್ಟೆಯ ಅಂಚಿನಲ್ಲಿ ಬಣ್ಣ ಬಿರಿದಿದೆಯೇ, ತಗಡು ಮೇಲಕ್ಕೆ ಉಬ್ಬಿದೆಯೇ ಎಂದು.